ಆಂಟಿವೈರಸ್ಸಿನ ಅಗ್ರಿಮೆಂಟು

ಎರಡು ಸಾವಿರದ ಐದನೇ ಇಸವಿಯ ಹೊತ್ತಿಗೆ ನಮ್ಮ ಬಿಟಿಎಂ ಲೇಔಟಿನಲ್ಲಿ ಮನುಷ್ಯರು ಎರಡೇ ಬಗೆ. ಕಂಪ್ಯೂಟರಿನವರು ಮತ್ತು ಉಳಿದವರು. ಕಂಪ್ಯೂಟರಿನವರು ಬಾಡಿಗೆ ಮನೆ ಕೇಳಿಕೊಂಡು ಬಂದರೆ ಓನರುಗಳು ಕುರ್ಚಿ ಹಾಕಿ ಕಾಫಿ ಕೊಡುತ್ತಿದ್ದರು. ಉಳಿದವರು ಬಂದರೆ ಗೇಟಿನ ಒಳಗಿನಿಂದಲೇ "ಮನೆ ಆಗ್ಲೇ ಹೋಯ್ತು, ಬೋರ್ಡ್ ತೆಗೆಯೋದು ಮರೆತಿದೀವಿ" ಎನ್ನುತ್ತಿದ್ದರು. ನಾನು ಉಳಿದವರ ಪೈಕಿ. ಆದರೆ ನನಗೆ ಮನೆ ಸಿಕ್ಕಿದ್ದು ಈ ಭೇದವೆಲ್ಲ ಹುಟ್ಟುವ ಮೊದಲು. ಹಾಗಾಗಿ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲದೆ ಈ ಕಥೆ ಹೇಳುವ ಅರ್ಹತೆ ನನಗಿದೆ ಎಂದು ತಿಳಿದಿದ್ದೇನೆ.

ನಮ್ಮ ಓನರ್ ಚಿಕ್ಕಬೈರಪ್ಪನವರು. ಈಗ ಸಿಗ್ನಲ್ ಇರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬಿತ್ತುತ್ತಿದ್ದವರು. ಲೇಔಟ್ ಆದ ಮೇಲೆ ಮೂರು ಅಂತಸ್ತಿನ ಮನೆ ಕಟ್ಟಿಸಿ, ಕೆಳಗೆ ತಾವು ಇದ್ದುಕೊಂಡು, ನಡುವಿನದನ್ನು ನನಗೂ ಮೇಲಿನದನ್ನು ಇನ್ನೊಬ್ಬರಿಗೂ ಕೊಟ್ಟು ಸುಖವಾಗಿದ್ದರು. ಅವರ ಸುಖಕ್ಕೆ ಇದ್ದ ಅಡ್ಡಿ ಒಂದೇ, ಎದುರು ಮನೆಯ ಕೆಂಪರಾಜು. ಈತ ಅವರ ಹೆಂಡತಿ ಬೈರಮ್ಮನವರ ಖಾಸಾ ತಮ್ಮ. ಭಾವ ಮೆಟ್ಟಿಲಿಗೆ ಗ್ರಾನೈಟ್ ಹಾಕಿಸಿದರೆ ಭಾಮೈದ ಗೋಡೆಗೂ ಹಾಕಿಸುತ್ತಿದ್ದ. ಕೊನೆಗೆ ಕೆಂಪರಾಜು ತನ್ನ ಮನೆಗೆ ಸೀನು ಎಂಬ ಸಾಫ್ಟ್‌ವೇರ್ ಇಂಜಿನಿಯರನ್ನು ಬಾಡಿಗೆಗೆ ತಂದು ಕೂರಿಸಿದಾಗ ಚಿಕ್ಕಬೈರಪ್ಪನವರು ಊಟ ಸೇರದೆ ಒದ್ದಾಡಿದರು. ತಮ್ಮ ಮೇಲಿನ ಮನೆ ಖಾಲಿಯಾದಾಗ, ಇಂಜಿನಿಯರ್ ಸಿಗುವವರೆಗೆ ಬೀಗ ಹಾಕಿಯೇ ಇಡುವುದೆಂದು ಶಪಥ ಮಾಡಿದರು.

ಆಗ ಬಂದವನು ಸಂಗಮೇಶ. ಹುನಗುಂದದ ಕಡೆಯವನು, ಇಸ್ತ್ರಿ ಮಾಡಿದ ಅಂಗಿ, ಕತ್ತಿನಲ್ಲಿ ಕಂಪನಿಯ ಐಡಿ ಕಾರ್ಡಿನ ನೀಲಿ ಪಟ್ಟಿ, ಪಕ್ಕದಲ್ಲಿ ಹೆಂಡತಿ ದಾನಮ್ಮ.

"ಎಲ್ಲಿ ಕೆಲಸ?" ಎಂದರು ಚಿಕ್ಕಬೈರಪ್ಪನವರು.

"ಸಿಲ್ಕ್ ಬೋರ್ಡ್ ಹತ್ರ ಒಂದ್ ಕಂಪ್ಯೂಟರ್ ಕಂಪನಿ ಐತ್ರಿ, ಅಲ್ಲಿ."

"ಇಂಜಿನಿಯರ್ ಅನ್ನಿ."

ಸಂಗಮೇಶ ನಕ್ಕ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಸುಮ್ಮನೆ ನಕ್ಕ. ಅದನ್ನು ವಿನಯವೆಂದು ಭಾವಿಸಿದ ಚಿಕ್ಕಬೈರಪ್ಪನವರು ಅಡ್ವಾನ್ಸಿನಲ್ಲಿ ರಿಯಾಯಿತಿ ಕೊಟ್ಟು ಕೀಲಿಕೈ ಒಪ್ಪಿಸಿದರು. ಅದೇ ದಿನ ಗೇಟಿನ ಬಳಿ ನಿಂತು, ಎದುರು ಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ, "ನಮ್ಮ ಮೇಲಿನ ಮನೇಲೂ ಇಂಜಿನಿಯರ್ರು ಇದಾರೆ" ಎಂದು ತರಕಾರಿಯವನಿಗೆ ಹೇಳಿದರು. ತರಕಾರಿಯವನು ಸೊಪ್ಪು ಬೇಕೋ ಬೇಡವೋ ಎಂದಷ್ಟೇ ಕೇಳಿದ.

ಸಂಗಮೇಶ ಕೆಲಸ ಮಾಡುತ್ತಿದ್ದದ್ದು ಆ ಕಂಪನಿಯ ಕ್ಯಾಬ್ ಡೆಸ್ಕಿನಲ್ಲಿ. ಯಾವ ಸುಮೋ ಯಾವ ಏರಿಯಾಕ್ಕೆ ಹೋಗಬೇಕು, ಯಾರನ್ನು ಹತ್ತಿಸಿಕೊಂಡು ಎಲ್ಲಿ ಇಳಿಸಬೇಕು ಎಂದು ಫೋನಿನಲ್ಲಿ ಡ್ರೈವರುಗಳ ಜೊತೆ ಗುದ್ದಾಡುವ ಕೆಲಸ. ಕಂಪ್ಯೂಟರ್ ಅವನ ಮೇಜಿನ ಮೇಲೂ ಇತ್ತು, ಅದರಲ್ಲಿ ಅವನು ಹೆಸರು ಮತ್ತು ಗಾಡಿ ನಂಬರ್ ಟೈಪ್ ಮಾಡುತ್ತಿದ್ದ. ಈ ವಿಷಯ ನನಗೆ ಗೊತ್ತಾದದ್ದು ಬಾತ್‌ರೂಮಿನ ಕಿಟಕಿಯಿಂದ. ಮೇಲಿನ ಮನೆಯ ಮಾತೆಲ್ಲ ಆ ದಾರಿಯಲ್ಲೇ ಇಳಿದು ಬರುತ್ತದೆ. ನಾನಾಗಿ ಕರೆಯುವುದಿಲ್ಲ, ಬಂದದ್ದನ್ನು ವಾಪಸ್ ಕಳಿಸುವುದೂ ಇಲ್ಲ.

ಮನೆಯ ಅಗ್ರಿಮೆಂಟು ಹನ್ನೊಂದು ತಿಂಗಳದ್ದು. ಅದು ಮುಗಿಯುವ ತಿಂಗಳು ಬಂದಾಗ ದಾನಮ್ಮನ ನಿದ್ದೆ ಹಾರಿಹೋಯಿತು. ಬೆಂಗಳೂರಿಗೆ ಬಂದ ಮೇಲೆ ಇದು ಅವರ ನಾಲ್ಕನೆಯ ಮನೆ. ಪ್ರತಿ ಮನೆಯಲ್ಲೂ ಅಂಗಡಿಯವನಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಗುರುತಾಗುವ ಹೊತ್ತಿಗೆ ಬಿಡಬೇಕಾಗಿ ಬಂದಿತ್ತು.

"ಮಾಲಕರಿಗೆ ಖರೇ ಹೇಳಿಬಿಡ್ರಿ" ಎಂಬ ಮಾತು ಕಿಟಕಿಯಿಂದ ಇಳಿದು ಬಂತು.

"ಅಗ್ರಿಮೆಂಟ್ ಒಂದ್ ಆಗ್ಲಿ, ಆಮ್ಯಾಲ ಹೇಳ್ತೀನಿ."

"ನಾ ಇನ್ನೊಮ್ಮೆ ಪಾತ್ರೆ ಪಗಡಿ ಕಟ್ಟಾಂಗಿಲ್ಲ ನೋಡ್ರಿ. ಈ ಮನಿ ಹೋದ್ರ ನಾ ಸೀದಾ ಹುನಗುಂದಕ್ಕ ಹೋಗ್ತೀನಿ. ನೀವು ನಿಮ್ಮ ಸುಮೋದಾಗ ಮಲಗ್ರಿ."

ಪರಿಸ್ಥಿತಿ ಹೀಗೆ ಸೂಕ್ಷ್ಮವಾಗಿದ್ದಾಗಲೇ, ಒಂದು ಭಾನುವಾರ ಬೆಳಿಗ್ಗೆ, ಕೆಳಗಿನಿಂದ ಚಿಕ್ಕಬೈರಪ್ಪನವರ ಕೂಗು ಕೇಳಿಸಿತು.

"ಇಂಜಿನಿಯರ್ ಸಾಹೇಬ್ರೆ, ಸ್ವಲ್ಪ ಕೆಳಗೆ ಬನ್ನಿ. ನಮ್ಮ ಕಂಪ್ಯೂಟರ್ ನೋಟಿಸ್ ಕೊಟ್ಟಿದೆ."

ಸಂಗಮೇಶನ ಹಿಂದೆ ನಾನೂ ಇಳಿದು ಹೋದೆ. ಓನರ್ ಮನೆಯ ಕಂಪ್ಯೂಟರ್ ಹಾಲ್‌ನ ನಡುವೆ, ಕಸೂತಿ ಹಾಕಿದ ಬಟ್ಟೆ ಹೊದ್ದು, ಹಣೆಗೆ ಕುಂಕುಮ ಇಟ್ಟುಕೊಂಡು ಕೂತಿರುತ್ತಿತ್ತು. ಅದನ್ನು ಕೊಡಿಸಿದ್ದು ಮಗಳು ಅರ್ಪಿತಳ ಓದಿಗೆ. ಅವಳು ಬಿಬಿಎಂ ಕೊನೆಯ ವರ್ಷ. ಸೋಮವಾರ ಕಾಲೇಜಿಗೆ ಕೊಡಬೇಕಾದ ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಅದರ ಹೊಟ್ಟೆಯಲ್ಲೇ ಇತ್ತು. ಹುಡುಗಿ ಯಾವುದೋ ಚಾರ್ಟಿಗೆಂದು ಯಡಿಯೂರಿನ ಗೆಳತಿಯ ಮನೆಗೆ ಹೋಗಿದ್ದಳು.

ಪರದೆಯ ಮೂಲೆಯಲ್ಲಿ ಗುರಾಣಿಯ ಚಿತ್ರ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎರಡು ಸಂದೇಶ. ಮೇಲಿನದು, ನಿಮ್ಮ ಆಂಟಿವೈರಸ್ಸಿನ ಸಬ್‌ಸ್ಕ್ರಿಪ್ಷನ್ ಸದ್ಯದಲ್ಲೇ ಮುಗಿಯುತ್ತದೆ, ಹಣ ಕಟ್ಟಿ ರಿನ್ಯೂ ಮಾಡಿಸಿ. ಕೆಳಗಿನದು, ಹೊಸ ವರ್ಷನ್ ಬಂದಿದೆ, ಉಚಿತವಾಗಿ ಅಪ್‌ಗ್ರೇಡ್ ಮಾಡಿಕೊಳ್ಳಿ.

"ಮೇಲ್ಗಡೆ ದುಡ್ಡು ಕಟ್ಟು ಅಂತಾನೆ, ಕೆಳಗಡೆ ಫ್ರೀ ಅಂತಾನೆ" ಎಂದರು ಚಿಕ್ಕಬೈರಪ್ಪನವರು. "ಇವೆರಡರಲ್ಲಿ ಯಾವುದು ಸುಳ್ಳು?"

ಇದು ಒಳ್ಳೆಯ ಪ್ರಶ್ನೆ. ಸಂಗಮೇಶನಿಗೆ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ನನ್ನನ್ನು ಯಾರೂ ಸಾಹೇಬ ಎಂದಿರಲಿಲ್ಲ.

"ಹಳೇದು ದಣದೈತ್ರಿ ಮಾಲಕ್ರ" ಎಂದ ಸಂಗಮೇಶ, ವೈದ್ಯರು ನಾಡಿ ಬಿಡುವಾಗಿನ ಗಾಂಭೀರ್ಯದಲ್ಲಿ. "ಹೊಸಾದು ತಂದು ಹಾಕಬೇಕಾಕ್ಕೈತಿ."

"ತನ್ನಿ. ಎದುರು ಮನೇಲಿರೋದಕ್ಕಿಂತ ಜೋರಾಗಿರೋದೇ ತನ್ನಿ."

ಧೈರ್ಯಕ್ಕೆಂದು ಸಂಗಮೇಶ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಜಯನಗರದ ಕಂಪ್ಯೂಟರ್ ಅಂಗಡಿಗೆ ಹೊರಟ. ಅಂಗಡಿಯವನು ಸರಳವಾಗಿ ಕೇಳಿದ, "ರಿನ್ಯೂವಲ್ಲಾ, ಹೊಸದಾ ಸಾರ್? ರಿನ್ಯೂವಲ್ ಆದ್ರೆ ಹಳೇ ಡಬ್ಬಿ ನಂಬರ್ ಇದ್ರೆ ಸಾಕು, ಅರ್ಧ ರೇಟು." ಇಲ್ಲಿ ಸಂಗಮೇಶ ಬಾಯಿ ಬಿಟ್ಟು ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನೀವೆಲ್ಲ ನಿಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ಇಂಜಿನಿಯರ್ ಎನಿಸಿಕೊಂಡವನು ಅರ್ಧ ರೇಟಿನದನ್ನು ಕೊಂಡು ಹೋಗಲು ಸಾಧ್ಯವೇ?

"ಹೊಸಾದ ಕೊಡ್ರಿ" ಎಂದ. ಅಂಗಡಿಯವನು ಬೇರೆಯದೇ ಕಂಪನಿಯ, ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರವಿದ್ದ ಡಬ್ಬಿ ಕೊಟ್ಟ. ಹದ್ದು ಗುರಾಣಿಗಿಂತ ಜೋರಾಗಿ ಕಂಡದ್ದು ನಿಜ.

ಮನೆಗೆ ಬಂದು ಸಿಡಿ ಹಾಕಿದಾಗ ಹದ್ದು ಮೊದಲಿಗೇ ಒಂದು ಪ್ರಶ್ನೆ ಕೇಳಿತು. ಈ ಕಂಪ್ಯೂಟರಿನಲ್ಲಿ ಈಗಾಗಲೇ ಇನ್ನೊಂದು ಆಂಟಿವೈರಸ್ ಇದೆ, ಅದನ್ನು ತೆಗೆದುಹಾಕಲೇ?

ಈಗ ಕ್ಯಾಬ್ ಡೆಸ್ಕಿನ ಕಾನೂನನ್ನು ಸ್ವಲ್ಪ ಹೇಳಬೇಕು. ಅಲ್ಲಿ ಹೊಸ ಡ್ರೈವರ್ ಬಂದು, ಗಾಡಿ ಕೈಗೆ ತೆಗೆದುಕೊಂಡು, ಗೇಟು ದಾಟುವವರೆಗೆ ಹಳೆಯ ಡ್ರೈವರನ್ನು ಮನೆಗೆ ಬಿಡುವ ಹಾಗಿಲ್ಲ. ಎರಡು ಗಾಡಿ ಕಳಿಸಿದರೆ ಮ್ಯಾನೇಜರ್ ಬೈಯುತ್ತಾನೆ, ಒಂದೂ ಕಳಿಸದಿದ್ದರೆ ಕೆಲಸದಿಂದಲೇ ಕಳಿಸುತ್ತಾನೆ. ಸಂಗಮೇಶ ಅನ್ನ ತಿನ್ನುತ್ತಿದ್ದದ್ದೇ ಈ ಕಾನೂನಿನಿಂದ. ಹಾಗಾಗಿ ಒಂದು ಕ್ಷಣವೂ ಯೋಚಿಸದೆ 'ಬೇಡ' ಎಂಬಲ್ಲಿ ಒತ್ತಿದ.

"ಎರಡೂ ಇರ್ಲಿ" ಎಂದು ವಿವರಿಸಿದ. "ಒಂದು ಮಲಗಿದ್ರ ಇನ್ನೊಂದು ಎಚ್ಚರಿರ್ತೈತ್ರಿ."

"ಇದಕ್ಕೇ ಓದಿರ್ಬೇಕು ಅನ್ನೋದು" ಎಂದರು ಚಿಕ್ಕಬೈರಪ್ಪನವರು, ನನ್ನ ಕಡೆ ನೋಡಿ.

ಸ್ವಲ್ಪ ಹೊತ್ತಿನಲ್ಲೇ ಕಂಪ್ಯೂಟರ್ ಟಣ್ ಎಂದಿತು. ಹದ್ದು ಒಂದು ಅನುಮಾನಾಸ್ಪದ ವಸ್ತುವನ್ನು ಹಿಡಿದಿತ್ತು. ಓನರ್ ಎದ್ದು ನಿಂತರು. ಅಷ್ಟರಲ್ಲಿ ಇನ್ನೊಂದು ಟಣ್. ಈ ಸಲ ಹಿಡಿದದ್ದು ಗುರಾಣಿ. ಮತ್ತೆ ಹದ್ದು, ಮತ್ತೆ ಗುರಾಣಿ. ಹದ್ದು ಹಿಡಿಯುತ್ತಿದ್ದದ್ದು ಗುರಾಣಿಯ ಸಾಮಾನನ್ನು, ಗುರಾಣಿ ಹಿಡಿಯುತ್ತಿದ್ದದ್ದು ಹದ್ದಿನ ಸಾಮಾನನ್ನು, ಎಂಬುದು ಆ ಹಾಲಿನಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಇಷ್ಟು ದಿನ ಒಂದೂ ಸಿಕ್ಕಿರದ ವೈರಸ್ಸು ಈಗ ಮಡಿವಾಳ ಮಾರ್ಕೆಟ್ಟಿನ ಟೊಮ್ಯಾಟೊ ಥರ ರಾಶಿ ಬೀಳುತ್ತಿದೆ.

"ಬೈರಾ, ಬಾ ಇಲ್ಲಿ. ಹಾಕಿದ ತಕ್ಷಣ ಹಿಡೀತಾ ಇದೆ ನೋಡು" ಎಂದು ಹೆಂಡತಿಯನ್ನು ಕರೆದರು. ಬೈರಮ್ಮನವರು ಸೌಟು ಹಿಡಿದೇ ಬಂದರು. ಆಮೇಲೆ ಚಿಕ್ಕಬೈರಪ್ಪನವರು ಗೇಟಿಗೆ ಹೋಗಿ ಎದುರು ಮನೆಯ ಕಡೆ ತಿರುಗಿ, "ಕೆಂಪರಾಜು, ಪುರುಸೊತ್ತಿದ್ರೆ ಬಾರೋ, ನಮ್ಮನೇಲಿ ವೈರಸ್ ಹಿಡೀತಿದಾರೆ" ಎಂದು ಕರೆದರು. ಕೆಂಪರಾಜು ಬಂದ. ಅವನ ಹಿಂದೆ ಹಾಲಿನ ಬೂತಿನ ಸಿದ್ದಗಂಗಮ್ಮ ಬಂದಳು. ಅವಳ ಹಿಂದೆ ಹಾಲಿಗೆ ಬಂದಿದ್ದವರೆಲ್ಲ ಬಂದರು.

ಟಣ್ ಎಂದಾಗಲೆಲ್ಲ ಚಿಕ್ಕಬೈರಪ್ಪನವರು ಗಟ್ಟಿಯಾಗಿ ಎಣಿಸತೊಡಗಿದರು. ಕೆಂಪರಾಜನ ಮುಖ ಸಪ್ಪಗಾಯಿತು.

"ನಮ್ಮನೇಲಿ ಒಂದೂ ಸಿಕ್ಕಿಲ್ಲ ಭಾವ" ಎಂದ.

"ನಿಮ್ಮ ಇಂಜಿನಿಯರ್ರು ಸರಿಯಾಗಿ ಹುಡುಕಿಲ್ಲ ಬಿಡು."

"ಇಷ್ಟೊಂದು ಹುಳ ಇಟ್ಕೊಂಡು ಮನೇಲಿ ಹೆಂಗಣ್ಣ ಮಲಗ್ತೀರ?" ಎಂದಳು ಸಿದ್ದಗಂಗಮ್ಮ.

ಇಷ್ಟರಲ್ಲಿ ಟಣ್ ನಿಂತಿತು. ಅದರ ಜೊತೆಗೆ ಮೌಸಿನ ಬಾಣ ನಿಂತಿತು, ಗಡಿಯಾರ ನಿಂತಿತು, ಪರದೆ ಹೇಗಿತ್ತೋ ಹಾಗೇ ನಿಂತಿತು. ಸಂಗಮೇಶ ಒಂದು ಗುಂಡಿ ಒತ್ತಿದ. ಆಮೇಲೆ ಎಲ್ಲ ಗುಂಡಿ ಒತ್ತಿದ. ಕೊನೆಗೆ ಸ್ವಿಚ್ ಆರಿಸಿ ಹಾಕಿದರೆ ಕಂಪ್ಯೂಟರ್ ಅರ್ಧಕ್ಕೆ ಬಂದು ಮತ್ತೆ ಸ್ತಬ್ಧವಾಯಿತು. ಬೈರಮ್ಮನವರು ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಮೈ ಸುಡ್ತಾ ಇದೆ" ಎಂದರು.

ಸರಿಯಾಗಿ ಆ ಹೊತ್ತಿಗೆ ಅರ್ಪಿತ ಚಾರ್ಟು ಸುತ್ತಿಕೊಂಡು ಒಳಗೆ ಬಂದಳು. ಜನರನ್ನು ನೋಡಿದಳು, ಪರದೆ ನೋಡಿದಳು, ಚಾರ್ಟು ಕೆಳಗೆ ಹಾಕಿದಳು.

"ಅಪ್ಪಾ, ನನ್ನ ಪ್ರಾಜೆಕ್ಟು?"

ಬಾಗಿಲ ಬಳಿ ದಾನಮ್ಮ ಬಂದು ನಿಂತಿದ್ದಳು. ಅವಳು ಗಂಡನ ಮುಖ ಒಂದು ಸಲ ನೋಡಿ, ನಂತರ ಮೇಲಿನ ಮನೆಯ ಕಡೆ ನೋಡಿದಳು. ಮನಸ್ಸಿನಲ್ಲೇ ಪಾತ್ರೆ ಕಟ್ಟುತ್ತಿದ್ದಳೆಂದು ನನಗೆ ಅನಿಸಿತು.

ಕೆಂಪರಾಜನಿಗೆ ಮಾತ್ರ ಜೀವ ಬಂತು. "ನಮ್ಮ ಇಂಜಿನಿಯರ್‌ನ ಕರೀತೀನಿ ಇರಿ, ಎರಡು ನಿಮಿಷದ ಕೆಲಸ" ಎಂದು ಓಡಿದವನು, ಬರ್ಮುಡಾ ಹಾಕಿಕೊಂಡು ನಿದ್ದೆಗಣ್ಣಿನಲ್ಲಿದ್ದ ಸೀನುವನ್ನು ರಟ್ಟೆ ಹಿಡಿದು ಕರೆತಂದ.

ಸೀನು ಕಂಪ್ಯೂಟರನ್ನು ಸುತ್ತು ಹಾಕಿ ನೋಡಿದ.

"ಅಂಕಲ್, ನಾನು ಮೈನ್‌ಫ್ರೇಮು, ಬ್ಯಾಂಕಿನ ದೊಡ್ಡ ದೊಡ್ಡ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯೋನು."

"ಏನಾದ್ರೂ ಆಗಿರಪ್ಪ, ರಿಪೇರಿ ಮಾಡು" ಎಂದ ಕೆಂಪರಾಜು.

"ಅದಲ್ಲ ಅಂಕಲ್. ನಮ್ಮ ಆಫೀಸಲ್ಲಿ ಸಿಸ್ಟಮ್ ಹಿಂಗಾದ್ರೆ ಬೇರೆ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ ಟೀ ಕುಡಿಯಕ್ಕೆ ಹೋಗ್ತೀವಿ. ವಾಪಸ್ ಬರೋಷ್ಟರಲ್ಲಿ ಸರಿ ಮಾಡಿರ್ತಾರೆ. ಏನ್ ಮಾಡ್ತಾರೆ ಅಂತ ನಾನ್ ಯಾವತ್ತೂ ನೋಡಿಲ್ಲ."

"ಟೀ ಬೇಕಾದ್ರೆ ಮಾಡ್ತೀನಿ" ಎಂದರು ಬೈರಮ್ಮನವರು, ಅದರಿಂದೇನಾದರೂ ಉಪಯೋಗವಾದೀತೆಂದು.

ದಾರಿ ಕಂಡವಳು ಅರ್ಪಿತ. ಗುರಾಣಿಯ ಹಳೆಯ ಡಬ್ಬಿಯ ಹಿಂದೆ ಸಹಾಯವಾಣಿಯ ನಂಬರ್ ಇತ್ತು. ಲ್ಯಾಂಡ್‌ಲೈನಿನಲ್ಲಿ ನಂಬರ್ ಒತ್ತಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಬ್ಬ ಹುಡುಗಿ ಮಾತಾಡಿದಳು. ಅರ್ಪಿತ ನಡೆದದ್ದನ್ನೆಲ್ಲ ಹೇಳಿದಳು.

"ಮೇಡಂ, ಎರಡು ಆಂಟಿವೈರಸ್ ಒಟ್ಟಿಗೆ ಹಾಕಿದೀರ. ಅವು ಒಂದನ್ನೊಂದು ವೈರಸ್ ಅಂದ್ಕೊಂಡು ಹೊಡೆದಾಡ್ತಾ ಇವೆ. ಯಾರು ಹಾಕಿದ್ದು?"

"ಇಂಜಿನಿಯರ್ರು" ಎಂದು ಚಿಕ್ಕಬೈರಪ್ಪನವರು ದೂರದಿಂದಲೇ ಹೇಳಿದರು.

ಆ ಕಡೆಯಿಂದ ಹುಡುಗಿ ಮತ್ತೆ ಕೇಳಿದಳು, "ಯಾವ ಇಂಜಿನಿಯರ್ ಸಾರ್ ಎರಡು ಹಾಕೋದು?"

ಹಾಲಿನಲ್ಲಿದ್ದ ತಲೆಗಳೆಲ್ಲ ಸಂಗಮೇಶನ ಕಡೆ ತಿರುಗಿದವು. ಅವನು ಕತ್ತಿನಲ್ಲಿ ಪಟ್ಟಿ ಇಲ್ಲದಿದ್ದರೂ ಕೈ ಅಲ್ಲಿಗೇ ಒಯ್ದ. ಆಮೇಲೆ ಫೋನಿನ ಹತ್ತಿರ ಬಗ್ಗಿ, ಹುಡುಗಿಗೇ ಹೇಳಿದ. ಓನರಿಗೆ ಹೇಳುವುದಕ್ಕಿಂತ ಅದು ಸುಲಭವೆಂದು ಕಂಡಿರಬೇಕು.

"ನಾ ಇಂಜಿನಿಯರ್ ಅಲ್ರಿ ಮೇಡಂ. ನಾ ಕಂಪನಿಯಾಗ ಕ್ಯಾಬ್ ಡೆಸ್ಕಿನ್ಯಾಗ ಇರಾಂವ. ನಮ್ಮಲ್ಲಿ ಹೊಸ ಡ್ರೈವರ್ ಬರೂತನಕ ಹಳೇ ಡ್ರೈವರ್ ಬಿಡಾಂಗಿಲ್ರಿ. ಅದಕ್ಕ ಎರಡೂ ಇರ್ಲಿ ಅಂತ ಹಾಕಿದ್ನಿ."

ಹುಡುಗಿ ನಗು ತಡೆಯಲು ಮಾಡಿದ ಪ್ರಯತ್ನವೂ ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿಸಿತು. "ಇಲ್ಲಿ ಇಬ್ಬರು ಡ್ರೈವರೂ ಒಂದೇ ಸ್ಟಿಯರಿಂಗ್ ಹಿಡ್ಕೊಂಡಿದಾರೆ ಸಾರ್" ಎಂದಳು. ಆಮೇಲೆ ಅವಳು ಹೇಳಿದ ಹಾಗೆ ಅರ್ಪಿತ ಕಂಪ್ಯೂಟರನ್ನು ಮತ್ತೆ ಹಾಕಿ, ಎಫ್ ಎಂಟು ಎಂಬ ಗುಂಡಿ ಒತ್ತಿ, ಎಲ್ಲ ಕಾವಲೂ ಮಲಗಿರುವ ಸ್ಥಿತಿಯಲ್ಲಿ ತೆರೆದು, ಹದ್ದನ್ನು ತೆಗೆದುಹಾಕಿದಳು. ಮತ್ತೊಮ್ಮೆ ಹಾಕಿದಾಗ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಎದ್ದು ಬಂತು. ಪ್ರಾಜೆಕ್ಟು ಇದ್ದ ಜಾಗದಲ್ಲೇ ಇತ್ತು. ಅರ್ಪಿತ ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡಳು.

"ನಿಮಗೆ ಹೊಸದು ಬೇಕಾಗೇ ಇರಲಿಲ್ಲ" ಎಂದಳು ಫೋನಿನ ಹುಡುಗಿ. "ಇರೋದನ್ನೇ ರಿನ್ಯೂ ಮಾಡಿದ್ರೆ ಸಾಕು. ಅವಧಿ ಮುಗಿಯೋ ಮೊದಲೇ ಮಾಡಿ, ಉಳಿದಿರೋ ದಿನಗಳು ಹೊಸ ವರ್ಷಕ್ಕೆ ಸೇರ್ಕೊಳ್ತವೆ." ಹೀಗೆಂದು ಫೋನ್ ಇಟ್ಟಳು.

ಕೆಂಪರಾಜು ಗಂಟಲು ಸರಿಮಾಡಿಕೊಂಡು, ಬಹಳ ಮೃದುವಾಗಿ, "ಇಂಜಿನಿಯರ್ರು ಅಂದಿದ್ರಲ್ಲ ಭಾವ" ಎಂದ.

ಚಿಕ್ಕಬೈರಪ್ಪನವರ ಕಿವಿ ಕೆಂಪಾಯಿತು. ಎದುರು ಮನೆಯ ಮೈನ್‌ಫ್ರೇಮಿನ ಮಾನವೂ ಅಷ್ಟಕ್ಕಷ್ಟೇ ಎಂದು ಹೇಳಬಹುದಿತ್ತು. ಆದರೆ ಅವರಿಗೆ ಅದು ಹೊಳೆಯಲಿಲ್ಲ. ಇಷ್ಟು ತಿಂಗಳಿಂದ ನೀವು, ಸಾಹೇಬ್ರು ಎನ್ನುತ್ತಿದ್ದವರು ಒಂದೇ ಸಲಕ್ಕೆ ಏಕವಚನಕ್ಕೆ ಇಳಿದರು.

"ಏನಯ್ಯಾ ನೀನು, ನಮ್ಮ ಮನೇಲಿದ್ಕೊಂಡು..." ಎಂದು ಶುರು ಮಾಡಿದವರು ನಿಂತರು. ಬೈಯುವ ಮೊದಲು ಬೆಳಗಿನಿಂದ ಕೊರೆಯುತ್ತಿದ್ದ ಪ್ರಶ್ನೆಗೆ ಉತ್ತರ ಬೇಕಿತ್ತು. "ಬೈಯೋದು ಆಮೇಲೆ. ಮೊದ್ಲು ಇದನ್ನ ಹೇಳು. ದುಡ್ಡು ಕಟ್ಟು ಅಂತಾನೂ ಹೇಳ್ತಾನೆ, ಫ್ರೀ ಅಂತಾನೂ ಹೇಳ್ತಾನೆ. ಹೆಂಗೆ?"

ಕಳೆದುಕೊಳ್ಳಲು ಏನೂ ಉಳಿಯದ ಸಂಗಮೇಶ ಈಗ ಗುರಾಣಿಯ ಡಬ್ಬಿಯ ಮೇಲಿದ್ದದ್ದನ್ನು ನಿಧಾನವಾಗಿ ಓದಿ, ಗೊತ್ತಿದ್ದಷ್ಟನ್ನೇ ಹೇಳಿದ. "ರೊಕ್ಕ ಕಟ್ಟೋದು ಒಂದ್ ವರ್ಷದ್ದು ಅಂತ್ರಿ. ಆ ವರ್ಷದಾಗ ದಿನಾ ಹೊಸ ವೈರಸ್ಸಿನ ಸುದ್ದಿ ಅವ್ರ ಕಳಸ್ತಾರ. ನಡುವ ಹೊಸ ವರ್ಷನ್ ಬಂದ್ರ ಅದಕ್ಕ ಬ್ಯಾರೆ ರೊಕ್ಕ ಇಲ್ಲ. ವರ್ಷ ಮುಗೀತಂದ್ರ ಸಾಫ್ಟ್‌ವೇರ್ ಅಲ್ಲೇ ಇರ್ತೈತಿ, ಆದ್ರ ಹೊಸಾದು ಏನೂ ಬರಾಂಗಿಲ್ಲ."

ಚಿಕ್ಕಬೈರಪ್ಪನವರು ಎರಡು ಸಲ ತಲೆಯಾಡಿಸಿದರು. ಮೂರನೆಯ ಸಲಕ್ಕೆ ಅವರ ಮುಖ ಅರಳಿತು. ಅವರ ಆಯುಷ್ಯದಲ್ಲಿ ಕಂಪ್ಯೂಟರಿನ ವಿಷಯವೊಂದು ಅರ್ಥವಾದದ್ದು ಅದೇ ಮೊದಲು. ಎದ್ದು ನಿಂತು ಸಭೆಯ ಕಡೆ ತಿರುಗಿದರು.

"ಇದಾ? ಇದು ಮನೆ ಬಾಡಿಗೆ ಕಣ್ರೋ. ಅಗ್ರಿಮೆಂಟ್ ನಡೀತಿರೋವರೆಗೂ ನಲ್ಲಿ ಕೆಟ್ರೆ, ಗೋಡೆ ಉದುರಿದ್ರೆ ಓನರ್ರೇ ಮಾಡಿಸ್ಬೇಕು. ಹೊಸ ವರ್ಷನ್ ಅಂದ್ರೆ ಹೊಸ ಸುಣ್ಣಬಣ್ಣ. ಅದಕ್ಕೆ ಬೇರೆ ದುಡ್ಡು ಕೇಳಂಗಿಲ್ಲ, ಕೇಳಿದ್ರೆ ಅನ್ಯಾಯ. ಅಗ್ರಿಮೆಂಟ್ ಮುಗಿದ್ಮೇಲೂ ಬಿದ್ಕೊಂಡಿದ್ರೆ ಯಾರೂ ಬಂದು ನೋಡಲ್ಲ, ಅಷ್ಟೇ. ಕೆಂಪರಾಜು, ತಿಳೀತೇನೋ?"

ಕೆಂಪರಾಜು ತಿಳಿಯಿತೆಂದ. ಸೀನು ಕೂಡ, ತನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲವೆಂದು ಒಪ್ಪಿಕೊಂಡ. ಸಿದ್ದಗಂಗಮ್ಮ "ನ್ಯಾಯವಾದ ಮಾತು" ಎಂದಳು. ಚಿಕ್ಕಬೈರಪ್ಪನವರು ಬೀಗುತ್ತಾ ಮೀಸೆ ಸವರಿಕೊಳ್ಳುತ್ತಿದ್ದಾಗ ಬಾಗಿಲಿನಿಂದ ಒಂದು ದನಿ ಬಂತು.

"ಹೌದ್ರಿ ಮಾಲಕ್ರ?" ದಾನಮ್ಮ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಒಳಗೆ ಬಂದಳು. "ಹಂಗಾದ್ರ ನಮ್ಮ ಅಡಗಿ ಮನಿ ಗ್ವಾಡಿ ನಾವು ಬಂದಾಗಿಂದ ಉದುರಾಕತ್ತೈತ್ರಿ. ಬಾತ್‌ರೂಮಿನ ನಳ ಸೋರ್ತೈತಿ. ಕೇಳಿದ್ರ ಎಲ್ಲಿ ಮನಿ ಬಿಡಸ್ತೀರೋ ಅಂತ ಅಂಜಿ ಇಷ್ಟು ದಿನ ಬಾಯಿ ಬಿಟ್ಟಿಲ್ರಿ."

ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಬೈರಮ್ಮನವರು ಸೌಟನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು.

"ಅದು, ಅಗ್ರಿಮೆಂಟ್ ಮುಗೀತಾ ಬಂತಲ್ಲಮ್ಮ" ಎಂದರು ಚಿಕ್ಕಬೈರಪ್ಪನವರು, ಒಂದು ದಾರಿ ಹುಡುಕಿ.

"ಮುಗೀತಾ ಬಂದೈತ್ರಿ, ಮುಗದಿಲ್ಲ. ಮುಗಿಯೋಕಿಂತ ಮೊದ್ಲ ರಿನ್ಯೂ ಮಾಡಿದ್ರ ಉಳದ ದಿನಾನೂ ಹೊಸ ವರ್ಷಕ್ಕ ಕೂಡ್ತಾವಂತ. ಈಗ ಆ ಹುಡುಗಿ ಎಲ್ಲಾರ ಮುಂದ ಹೇಳಿದ್ಲಲ್ರಿ."

ಹಾಲಿಗೆ ಬಂದಿದ್ದವರಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಹಾಕಿದ ಕಾನೂನು ತಮ್ಮದೇ, ಸಾಕ್ಷಿಗೆ ಇಡೀ ಬೀದಿ ನಿಂತಿದೆ. ಚಿಕ್ಕಬೈರಪ್ಪನವರು ದಾನಮ್ಮನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಎಂದೂ ಸೋಲದ ಮನುಷ್ಯನಿಗೆ ಒಳ್ಳೆಯ ಎದುರಾಳಿ ಸಿಕ್ಕಾಗ ಆಗುವ ಸಂತೋಷವೇ ಅಲ್ಲಿತ್ತು.

"ನಾಳೆ ಸ್ಟಾಂಪ್ ಪೇಪರ್ ತರಿಸ್ತೀನಿ" ಎಂದರು. "ಅಡುಗೆಮನೆಗೆ ಯಾವ ಬಣ್ಣ ಬೇಕು ಅಂತ ಹೇಳಮ್ಮ."

ದಾನಮ್ಮ ತಿಳಿ ಹಸಿರು ಎಂದಳು, ತಡಮಾಡದೆ, ಎಂದೋ ಆರಿಸಿಟ್ಟುಕೊಂಡಿದ್ದವಳ ಹಾಗೆ.

ಹದ್ದಿನ ಡಬ್ಬಿಯನ್ನು ಕೆಂಪರಾಜು ಪೂರ್ತಿ ರೇಟು ಕೊಟ್ಟು ತೆಗೆದುಕೊಂಡ. ಒಂದಾದರೂ ವೈರಸ್ ತನ್ನ ಮನೆಯಲ್ಲೂ ಸಿಗಲಿ ಎಂಬ ಆಸೆ ಅವನದು. ಗೇಟಿನ ತನಕ ಹೋದವನು ಸುಮ್ಮನೆ ಹೋಗಲಾರದೆ ಹಿಂದೆ ತಿರುಗಿ ನಿಂತ.

"ಆದ್ರೂ ಭಾವ, ಮೇಲಿನ ಮನೇಲಿ ಇಂಜಿನಿಯರ್ರು ಇದಾರೆ ಅಂತ ಬೀದಿಗೆಲ್ಲ ಸಾರಿದ್ರಲ್ಲ."

"ಇದಾರೆ ಕಣೋ" ಎಂದರು ಚಿಕ್ಕಬೈರಪ್ಪನವರು, ಮೆಟ್ಟಿಲು ಹತ್ತುತ್ತಿದ್ದ ದಾನಮ್ಮನ ಕಡೆ ಕೈ ತೋರಿಸಿ. "ಗಂಡ ಹೆಂಡತಿ ಪೈಕಿ ಯಾರು ಅಂತ ನಾನು ಸರಿಯಾಗಿ ವಿಚಾರ್ಸಿರ್ಲಿಲ್ಲ, ಅಷ್ಟೇ."